ಲಾಸ್ಟ್.ಎಫ್‌ಎಂ: ಇಂಡಸ್ಟ್ರಿಯಲ್ ಕೇಳುಗರ ಸಾಲಾವಳಿ ಕೂಡಿಬರುತ್ತದೆಯೇ?

ಲಾಸ್ಟ್.ಎಫ್‌ಎಂ ಅನ್ನುವ ಜಾಲತಾಣಕ್ಕೆ ನನ್ನ ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಕೇಳಿದ ಸಂಗೀತದ ಲೆಕ್ಕ ಇಡುವುದಕ್ಕೆ ಐದಕ್ಕೆ ನಾಲ್ಕೂವರೆ. ಇಬ್ಬರು ಕೇಳುಗರ ಅಭಿರುಚಿ ಹೋಲಿಸುವುದಕ್ಕೆ ಎರಡು, ಅದೂ ಧಾರಾಳವಾಗಿ. ಇಂಡಸ್ಟ್ರಿಯಲ್ ಅಂದರೆ ಯಂತ್ರದ ಸದ್ದು, ಗದ್ದಲವನ್ನೇ ಸಂಗೀತ ಮಾಡುವ ಪ್ರಕಾರ; ನಮ್ಮಂಥ ಅಂಡರ್‌ಗ್ರೌಂಡ್ ಸಂಗೀತದ ಹುಚ್ಚಿನವರು ಇಲ್ಲಿಗೆ ಬರುವುದೇ ಎರಡನೆಯದರ ಆಸೆಗೆ, ಹಾಗಾಗಿ ಅದನ್ನೇ ಬಿಡಿಸಿ ಬರೆಯುತ್ತೇನೆ.

ಇದರ ಪರಿಚಯ ಇಲ್ಲದವರಿಗೆ ಎರಡು ಮಾತು. ಫೋನಿನಲ್ಲೋ ಕಂಪ್ಯೂಟರಿನಲ್ಲೋ ನೀವು ಕೇಳಿದ ಹಾಡಿನ ಹೆಸರು, ಕಲಾವಿದರ ಹೆಸರು, ಕೇಳಿದ ಹೊತ್ತು ಎಲ್ಲವೂ ತಾನಾಗಿಯೇ ನಿಮ್ಮ ಖಾತೆಗೆ ಬಂದು ಸೇರುತ್ತದೆ. ಇದಕ್ಕೆ ಸ್ಕ್ರಾಬಲ್ ಅಂತಾರೆ. 2002ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಿಚರ್ಡ್ ಜೋನ್ಸ್ ಆಡಿಯೊಸ್ಕ್ರಾಬ್ಲರ್ ಅನ್ನುವ ಹೆಸರಿನಲ್ಲಿ ಶುರು ಮಾಡಿದ ಕೆಲಸ ಇದು. 2005ರಲ್ಲಿ ಲಾಸ್ಟ್.ಎಫ್‌ಎಂ ಜೊತೆ ಒಂದಾಯಿತು, 2007ರಲ್ಲಿ ಸಿಬಿಎಸ್ ಕಂಪನಿ 28 ಕೋಟಿ ಡಾಲರ್ ಕೊಟ್ಟು ಕೊಂಡಿತು. ಲಾಸ್ಟ್.ಎಫ್‌ಎಂನದೇ ಇಂಟರ್ನೆಟ್ ರೇಡಿಯೊ 2014ರಲ್ಲಿ ನಿಂತುಹೋಯಿತು. ಈಗ ಮುಖ್ಯವಾಗಿ ಉಳಿದಿರುವುದು ಲೆಕ್ಕ, ನನಗೆ ಬೇಕಿರುವುದೂ ಅದೇ.

ಇನ್ನೊಬ್ಬರ ಪುಟ ತೆರೆದರೆ ನಿಮಗೂ ಅವರಿಗೂ ಎಷ್ಟು ಹೊಂದುತ್ತದೆ ಅಂತ ಒಂದು ಪದ ಕಾಣಿಸುತ್ತದೆ. ‘ವೆರಿ ಲೋ’ಯಿಂದ ಹಿಡಿದು ‘ಸೂಪರ್’ವರೆಗೆ ಅದರಲ್ಲಿ ದರ್ಜೆಗಳಿವೆ. ಪಕ್ಕದಲ್ಲಿ ಇಬ್ಬರೂ ಕೇಳುವ ಕೆಲವು ಕಲಾವಿದರ ಹೆಸರು. ಥೇಟ್ ಸಾಲಾವಳಿ ನೋಡಿದ ಹಾಗೆ. ಮೂವತ್ತಾರಕ್ಕೆ ಮೂವತ್ತು ಗುಣ ಕೂಡಿ ಬಂದರೂ ಒಟ್ಟಿಗೆ ಕೂತು ಒಂದು ಹೊತ್ತು ಉಣ್ಣಲಾಗದ ಗಂಡ ಹೆಂಡಿರು ನಮ್ಮ ಕಡೆ ಕಡಿಮೆಯೇ?

ಹುಬ್ಬಳ್ಳಿಯ ಗೆಳೆಯನೊಬ್ಬ ಈಗ ಜರ್ಮನಿಯಲ್ಲಿದ್ದಾನೆ. ಅವನಿಗೂ ನನಗೂ ಇಲ್ಲಿ ‘ಸೂಪರ್’. ಕಾರಣ ಕಾಲೇಜು ದಿನಗಳಲ್ಲಿ ಇಬ್ಬರೂ ನೈನ್ ಇಂಚ್ ನೇಲ್ಸ್ ಮತ್ತು ಮಿನಿಸ್ಟ್ರಿ ಅನ್ನುವ ಇಂಡಸ್ಟ್ರಿಯಲ್ ತಂಡಗಳನ್ನು ಅರೆದು ಕುಡಿದಿದ್ದೆವು. ಆ ಹಳೇ ಸಾವಿರಾರು ಸ್ಕ್ರಾಬಲ್‌ಗಳು ಇವತ್ತಿಗೂ ನಮ್ಮಿಬ್ಬರನ್ನು ಒಂದೇ ಗೂಟಕ್ಕೆ ಕಟ್ಟಿಹಾಕಿವೆ. ಅವನು ಈಗ ಬೆಲ್ಜಿಯಂನ ಫ್ರಂಟ್ 242 ತಂಡದ ಕಡೆಯವನು. ಬೀಟ್ ಬೇಕು, ಕುಣಿಯಬೇಕು. ನಾನು ಬರೀ ಗದ್ದಲದಲ್ಲೇ ಸಂಗೀತ ಕಟ್ಟುವ ಜಪಾನಿನ ಮೆರ್ಜ್‌ಬೋ ಕಡೆ ಜಾರಿದವನು, ಅಲ್ಲಿ ಬೀಟ್ ಅನ್ನುವುದು ಅಪರೂಪ. ಹೋದ ಸಲ ಫೋನಿನಲ್ಲಿ ಒಂದು ಹೊಸ ರೆಕಾರ್ಡಿಂಗ್ ಕೇಳಿಸಲು ಹೋದೆ. “ನೋಡಪಾ, ನೀ ಆ ಗರಗರ ಹಚ್ಚಿದಿ ಅಂದ್ರ ನಾ ಫೋನ್ ಇಡತೀನಿ” ಅಂದ. ಇಟ್ಟೇಬಿಟ್ಟ. ಇದು ‘ಸೂಪರ್’ ಹೊಂದಾಣಿಕೆ!

ಎಡವಟ್ಟು ‘ಇಂಡಸ್ಟ್ರಿಯಲ್’ ಅನ್ನುವ ಹಣೆಪಟ್ಟಿಯಲ್ಲೇ ಇದೆ. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ತನ್ನ ಲೇಬಲ್ಲಿಗೆ, ಅಂದರೆ ರೆಕಾರ್ಡ್ ಕಂಪನಿಗೆ, ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಹೆಸರಿಟ್ಟಿತು. ಶೆಫೀಲ್ಡಿನ ಕ್ಯಾಬರೆ ವೋಲ್ಟೇರ್ 1973ರಿಂದಲೇ ಟೇಪುಗಳ ಜೊತೆ ಆಟ ಶುರು ಮಾಡಿತ್ತು. ಪಶ್ಚಿಮ ಬರ್ಲಿನ್ನಿನಲ್ಲಿ 1980ರಲ್ಲಿ ಹುಟ್ಟಿದ ಐನ್‌ಸ್ಟುರ್ಟ್‌ಸೆಂಡೆ ನೊಯ್‌ಬೌಟನ್ ತಗಡು, ಸ್ಪ್ರಿಂಗು, ಡ್ರಿಲ್ ಯಂತ್ರಗಳನ್ನೇ ವಾದ್ಯ ಮಾಡಿಕೊಂಡಿತು. ವ್ಯಾಂಕೂವರಿನ ಸ್ಕಿನ್ನಿ ಪಪ್ಪಿ ಸಿಂಥಸೈಸರ್ ಹಿಡಿದು ಬಂತು. ಆಮೇಲೆ 1989ರಲ್ಲಿ ನೈನ್ ಇಂಚ್ ನೇಲ್ಸ್‌ನ ಮೊದಲ ಆಲ್ಬಂ ಬಂದು, ನೋಡನೋಡುತ್ತ ಈ ಹೆಸರು ದೊಡ್ಡ ವೇದಿಕೆಗಳಿಗೂ ಏರಿತು. ಇಷ್ಟೂ ಒಂದೇ ಟ್ಯಾಗ್ ಅಡಿಯಲ್ಲಿ ಬರುತ್ತವೆ. “ನಾನೂ ಇಂಡಸ್ಟ್ರಿಯಲ್ ಕೇಳ್ತೀನಿ” ಅಂದ ಇಬ್ಬರ ನಡುವೆ ಒಂದೇ ಒಂದು ಹೆಸರೂ ಸಾಮಾನ್ಯ ಇಲ್ಲದಿರಬಹುದು, ಅದರಲ್ಲಿ ಆಶ್ಚರ್ಯವೇನಿಲ್ಲ.

ಇದರ ತದ್ವಿರುದ್ಧವೂ ನಡೆಯುತ್ತದೆ. ಮೈಸೂರಿನ ಒಬ್ಬರಿದ್ದಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರಿಗೂ ನನಗೂ ‘ವೆರಿ ಲೋ’. ಅವರು ಹೆಚ್ಚಾಗಿ ಕೇಳುವುದು ಕ್ರಿಸ್ ಅಂಡ್ ಕೋಸಿ, ನಾನು ಕಾಯಿಲ್. ಈಗ ವಂಶಾವಳಿ ನೋಡಿ. ಥ್ರಾಬಿಂಗ್ ಗ್ರಿಸಲ್‌ನಲ್ಲಿ ಇದ್ದದ್ದು ನಾಲ್ವರು. 1981ರಲ್ಲಿ ತಂಡ ಒಡೆದಾಗ ಕ್ರಿಸ್ ಕಾರ್ಟರ್ ಮತ್ತು ಕೋಸಿ ಫ್ಯಾನಿ ಟುಟ್ಟಿ ಕ್ರಿಸ್ ಅಂಡ್ ಕೋಸಿ ಆದರು. ಜೆನೆಸಿಸ್ ಪಿ-ಆರಿಜ್ ಮತ್ತು ಪೀಟರ್ ಕ್ರಿಸ್ಟೋಫರ್‌ಸನ್ ಸೈಕಿಕ್ ಟಿವಿ ಕಟ್ಟಿದರು. ಕ್ರಿಸ್ಟೋಫರ್‌ಸನ್ ಅಲ್ಲಿಂದಲೂ ಹೊರಬಂದು ಜಾನ್ ಬ್ಯಾಲೆನ್ಸ್ ಜೊತೆ ಕಾಯಿಲ್ ಸೇರಿದರು. ಅಂದರೆ ಆ ಹಿರಿಯರೂ ನಾನೂ ಒಂದೇ ಮನೆಯ ಎರಡು ಕೋಣೆಗಳಲ್ಲಿ ಕೂತಿದ್ದೇವೆ. “ಏನ್ರೀ, ಈ ಬಾಸ್ ಸದ್ದು ಎಲ್ಲೋ ಕೇಳಿದ ಹಾಗಿದೆಯಲ್ಲ?” ಅಂತ ಶುರುವಾದ ಅವರ ಜೊತೆಗಿನ ಮಾತು ರಾತ್ರಿ ಎರಡರವರೆಗೂ ನಡೆದದ್ದುಂಟು. ಲಾಸ್ಟ್.ಎಫ್‌ಎಂ ಕಣ್ಣಿಗೆ ಮಾತ್ರ ನಾವು ಅಪರಿಚಿತರು, ಯಾಕೆಂದರೆ ಅದು ತೂಗುವುದು ಹೆಸರುಗಳನ್ನು, ಹೆಸರಿನ ಹಿಂದಿನ ಮನುಷ್ಯರನ್ನಲ್ಲ. ಅಡ್ಡಹೆಸರು, ಪಕ್ಕದ ಪ್ರಾಜೆಕ್ಟು, ಒಡೆದು ಕೂಡಿದ ತಂಡಗಳೇ ತುಂಬಿರುವ ಈ ಲೋಕದಲ್ಲಿ ಇದು ಸಣ್ಣ ಕೊರತೆಯಲ್ಲ. ಇನ್ನೊಂದು ಕಡೆ, ಒಂದೇ ಹೆಸರಿನ ಬೇರೆ ಬೇರೆ ತಂಡಗಳು ಒಂದೇ ಪುಟದಲ್ಲಿ ಬಂದು ಬೀಳುತ್ತವೆ.

ಹೆಸರಿಗಿಂತ ದೊಡ್ಡ ಮೋಸ ಎಣಿಕೆಯದ್ದು. ನಿಯಮ ಹೀಗಿದೆ: ಟ್ರ್ಯಾಕ್ 30 ಸೆಕೆಂಡಿಗಿಂತ ಉದ್ದ ಇರಬೇಕು, ಅದರ ಅರ್ಧವೋ ನಾಲ್ಕು ನಿಮಿಷವೋ, ಯಾವುದು ಮೊದಲೋ ಅಷ್ಟು ಕೇಳಿದರೆ ಒಂದು ಸ್ಕ್ರಾಬಲ್. ಮೂರು ನಾಲ್ಕು ನಿಮಿಷದ ಸಿನಿಮಾ ಹಾಡಿಗೆ ಇದು ಹೇಳಿ ಮಾಡಿಸಿದ ನಿಯಮ. ನಮಗೆ? 1998ರ ಕಾಯಿಲ್ ಆಲ್ಬಂ ‘ಟೈಮ್ ಮೆಷೀನ್ಸ್’ ತೆಗೆದುಕೊಳ್ಳಿ. ಒಂದು ಗಂಟೆಗೂ ಮೀರಿದ ಆ ಆಲ್ಬಂನಲ್ಲಿ ಇರುವುದು ನಾಲ್ಕೇ ಟ್ರ್ಯಾಕ್. ದೀಪ ಆರಿಸಿ ಪೂರ್ತಿ ಕೇಳಿದರೂ ಲೆಕ್ಕಕ್ಕೆ ಸಿಗುವುದು ನಾಲ್ಕು. ನೇಪಾಮ್ ಡೆತ್ ತಂಡದ 1987ರ ‘ಸ್ಕಮ್’ನಲ್ಲಿ 28 ಟ್ರ್ಯಾಕ್. ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿದವನಿಗೆ ಇಪ್ಪತ್ತಕ್ಕೂ ಮೇಲೆ ಜಮೆ. ಅದರಲ್ಲೇ ಇರುವ, ಎರಡು ಸೆಕೆಂಡೂ ಇಲ್ಲದ ‘ಯೂ ಸಫರ್’ ಅನ್ನುವ ಪ್ರಸಿದ್ಧ ಹಾಡಿಗೆ ಸೊನ್ನೆ. ವರ್ಷದ ಕೊನೆಗೆ ನನ್ನ ಪಟ್ಟಿಯಲ್ಲಿ ಡ್ರೋನ್ (ಒಂದೇ ನಾದವನ್ನು ಉದ್ದಕ್ಕೆ ಎಳೆಯುವ ಸಂಗೀತ), ನಾಯ್ಸ್ (ಗದ್ದಲದ ಸಂಗೀತ) ಎಲ್ಲ ಕೆಳಗೆ ತಳ್ಳಿಸಿಕೊಂಡು, ಬಸ್ಸಿನಲ್ಲಿ ಸುಮ್ಮನೆ ಹಾಕಿದ ಪಂಕ್ ಆಲ್ಬಂಗಳು ಮೇಲೆ ಕೂತಿರುತ್ತವೆ. ಹೊಂದಾಣಿಕೆಯ ಪದ ನಿಂತಿರುವುದು ಈ ಎಣಿಕೆಯ ಮೇಲೆ.

ಅಂದಹಾಗೆ ಆ ‘ಸ್ಕಮ್’ನ ಮೊದಲ ಬದಿಯಲ್ಲಿ ಗಿಟಾರ್ ನುಡಿಸಿದ ಜಸ್ಟಿನ್ ಬ್ರಾಡ್ರಿಕ್ ಮರು ವರ್ಷವೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಗಾಡ್‌ಫ್ಲೆಶ್ ಅನ್ನುವ ತಂಡ ಕಟ್ಟಿದ. ಡ್ರಮ್ಮರ್ ಬದಲು ಯಂತ್ರ ಇಟ್ಟುಕೊಂಡು, ವೇಗವನ್ನೆಲ್ಲ ಕಿತ್ತು ಬಿಸಾಡಿದ. ಮೆಟಲ್ ಹುಡುಗರನ್ನು ಇಂಡಸ್ಟ್ರಿಯಲ್ ಕಡೆಗೆ ಎಳೆಯಬೇಕು ಅಂದರೆ ನಾನು ಹಾಕುವುದು ಮೊದಲು ಇದನ್ನೇ.

ಕ್ಯಾಸೆಟ್ಟು, ಎಲ್‌ಪಿ ಕೇಳುವವರ ಪಾಡು ಇನ್ನೂ ಕಷ್ಟ. ನಾಯ್ಸ್ ಸಂಗೀತ ಬೆಳೆದದ್ದೇ ಮನೆಯಲ್ಲಿ ನಕಲು ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದ ಕ್ಯಾಸೆಟ್ಟುಗಳಿಂದ, ಈಗಲೂ ಎಷ್ಟೋ ಲೇಬಲ್‌ಗಳು ಕ್ಯಾಸೆಟ್ ತರುತ್ತವೆ. ಟೇಪ್ ಡೆಕ್ಕಿಗೆ ಸ್ಕ್ರಾಬಲ್ ಗೊತ್ತಿಲ್ಲವಲ್ಲ. ಓಪನ್ ಸ್ಕ್ರಾಬ್ಲರ್‌ನಂಥ ಸಾಧನದಲ್ಲಿ ಕೈಯಾರೆ ಸೇರಿಸಬಹುದು, ಆದರೆ ಎರಡು ವಾರಕ್ಕಿಂತ ಹಳೆಯದನ್ನು ಲಾಸ್ಟ್.ಎಫ್‌ಎಂ ಒಪ್ಪುವುದಿಲ್ಲ. ನಾನು ಶ್ರದ್ಧೆಯಿಂದ ಸ್ವಲ್ಪ ಕಾಲ ಮಾಡಿದೆ, ಆಮೇಲೆ ಕೈಬಿಟ್ಟೆ. ಸಂಗೀತ ಕೇಳಿದ್ದಕ್ಕೆ ರಸೀದಿ ಬರೆಯುತ್ತಾ ಕೂರುವುದು ನನ್ನಿಂದಾಗಲಿಲ್ಲ.

ಬದಲಿಗೆ ಕೇಳದೇ ಇದ್ದದ್ದು ಲೆಕ್ಕಕ್ಕೆ ಬರುತ್ತದೆ. ನಮ್ಮ ಮನೆಯ ಸ್ಪೀಕರ್ ನನ್ನ ಖಾತೆಯಲ್ಲೇ ಓಡುವುದು. ಅಮ್ಮ ಬೆಳಿಗ್ಗೆ ಹಾಕುವ ಸುಪ್ರಭಾತದ ದೆಸೆಯಿಂದ ನನ್ನ ಪಟ್ಟಿಯಲ್ಲಿ ಸ್ಕಿನ್ನಿ ಪಪ್ಪಿಯ ಬೆನ್ನಿಗೇ ಎಂ.ಎಸ್. ಸುಬ್ಬುಲಕ್ಷ್ಮಿ. ಪೋಲೆಂಡಿನ ಕೇಳುಗನೊಬ್ಬ ಇದು ಯಾವ ತಂಡ, ಡ್ರೋನ್ ತುಂಬಾ ಚೆನ್ನಾಗಿದೆ ಅಂತ ಸಂದೇಶ ಕಳಿಸಿದ್ದ. ತಂಬೂರಿ ಅಂದೆ. ಅವನು ಈಗ ವಾರಕ್ಕೆರಡು ಸಲ ಕೇಳುತ್ತಾನೆ, ನಮ್ಮ ಹೊಂದಾಣಿಕೆಯೂ ಒಂದು ದರ್ಜೆ ಏರಿದೆ! ಕನ್ನಡ ಸಿನಿಮಾ ಹಾಡುಗಳದ್ದು ಬೇರೆಯೇ ರಾಮಾಯಣ. ಹಳೇ ಎಂಪಿ3 ಫೈಲುಗಳ ಟ್ಯಾಗಿನಲ್ಲಿ ಹಂಸಲೇಖ, ಎಸ್‌ಪಿಬಿ, ಚಿತ್ರಾ ಅಂತ ಮೂವರ ಹೆಸರೂ ಒಟ್ಟಿಗೆ ಇದ್ದರೆ ಆ ಇಡೀ ಸಾಲೇ ಒಬ್ಬ ಹೊಸ ಕಲಾವಿದ ಆಗಿಬಿಡುತ್ತದೆ.

ಬೇರೆ ತಾಣಗಳಲ್ಲಿ ಹೋಲಿಕೆ ಹೇಗೆ? ಡಿಸ್ಕಾಗ್ಸ್ ಅಂದರೆ ರೆಕಾರ್ಡುಗಳ ವಿವರ ಕೂಡಿಡುವ ತಾಣ. ಡಿಸ್ಕಾಗ್ಸ್‌ನಲ್ಲಿ ಯಾರು ಯಾವ ತಂಡದಲ್ಲಿದ್ದರು, ಅಡ್ಡಹೆಸರು ಯಾವುದು ಎಲ್ಲ ಕೊಂಡಿಯಾಗಿ ಸಿಗುತ್ತದೆ. ಮೇಲೆ ಹೇಳಿದ ವಂಶಾವಳಿಗೆ ಅದೇ ಆಧಾರ. ಆದರೆ ಅದು ತೋರಿಸುವುದು ಕಪಾಟನ್ನು, ಕಿವಿಯನ್ನಲ್ಲ. ಕೊಂಡು ಸೀಲ್ ಒಡೆಯದವರೂ ಅಲ್ಲಿ ರಸಿಕರೇ. ಕಲಾವಿದರಿಂದಲೇ ಆಲ್ಬಂ ಕೊಳ್ಳುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಆಲ್ಬಂ ಕೊಂಡವರ ಪುಟ್ಟ ಚಿತ್ರಗಳು ಕಾಣುತ್ತವೆ, ಒಂದನ್ನು ಒತ್ತಿದರೆ ಅವರ ಸಂಗ್ರಹ. ಹೊಸತು ಹುಡುಕಲು ನನಗೆ ಈಗ ಹೆಚ್ಚು ಒದಗುವುದು ಇದು.

ಹಾಗೆ ನೋಡಿದರೆ ಅಭಿರುಚಿ ಹಂಚಿಕೊಳ್ಳುವ ಒಳ್ಳೆಯ ದಾರಿ 1979ರಲ್ಲೇ ಸಿಕ್ಕಿತ್ತು. ನರ್ಸ್ ವಿತ್ ವೂಂಡ್ ತಂಡ ತನ್ನ ಮೊದಲ ಎಲ್‌ಪಿ ಜೊತೆ ತಮಗೆ ಇಷ್ಟವಾದವರ ಉದ್ದನೆಯ ಪಟ್ಟಿಯೊಂದನ್ನು ಅಚ್ಚು ಹಾಕಿಸಿತು. ಅಂಕಿ ಇಲ್ಲ, ದರ್ಜೆ ಇಲ್ಲ, ಬರೀ ಹೆಸರು. ಆ ಪಟ್ಟಿ ಹಿಡಿದು ಯೂರೋಪಿನ ಮೂಲೆಮೂಲೆಯ ರೆಕಾರ್ಡ್ ಹುಡುಕುವವರು ಇವತ್ತಿಗೂ ಇದ್ದಾರೆ.

ನಾನು ಲಾಸ್ಟ್.ಎಫ್‌ಎಂ ಬಳಸುವುದೂ ಈಗ ಹಾಗೇ. ಹೊಂದಾಣಿಕೆಯ ಪದ ನೋಡುವುದಿಲ್ಲ. ಇನ್ನೊಬ್ಬರ ಕಲಾವಿದರ ಪಟ್ಟಿ ತೆರೆದು, ಮೊದಲ ಎರಡು ಪುಟ ಬಿಟ್ಟು, ಹತ್ತು ಹದಿನೈದು ಸಲ ಮಾತ್ರ ಕೇಳಿದ ಹೆಸರುಗಳಿರುವ ಕಡೆಗೆ ಹೋಗುತ್ತೇನೆ. ಮೇಲಿನ ಹೆಸರುಗಳು ಎಲ್ಲರ ಮನೆಯಲ್ಲೂ ಅವೇ. ಕೆಳಗೆ ಹೋದರೆ ಸ್ಲೊವೇನಿಯಾದ ಲೈಬಾಕ್ ತಂಡದ ಪಕ್ಕದಲ್ಲಿ ಯಾರೋ ಆಸ್ಟ್ರೇಲಿಯಾದ ಎಸ್‌ಪಿಕೆ ಇಟ್ಟಿರುತ್ತಾರೆ, ಅದರ ಕೆಳಗೆ ನಾನು ಕಂಡು ಕೇಳರಿಯದ ಹೆಸರು. ಅವಧಿ ಆರಿಸುವ ಸೌಲಭ್ಯವನ್ನೂ ಬಳಸಿ; ಕಳೆದ ಒಂದು ವರ್ಷ ಅಂತ ಹಾಕಿದರೆ ಕಾಲೇಜು ದಿನಗಳ ಋಣ ಹರಿದು, ಆ ಮನುಷ್ಯ ಈಗ ಏನು ಕೇಳುತ್ತಿದ್ದಾನೆ ಅನ್ನುವುದು ಕಾಣುತ್ತದೆ.

ಲಾಸ್ಟ್.ಎಫ್‌ಎಂಗೆ ದುಡ್ಡು ಕೊಟ್ಟು ಪಡೆಯುವ ಪ್ರೊ ಚಂದಾ ಬೇಕೇ ಅಂತ ಕೆಲವರು ಕೇಳುತ್ತಾರೆ. ಸ್ಕ್ರಾಬಲ್‌ಗಳಲ್ಲಿ ತಪ್ಪಾಗಿ ಬಿದ್ದ ಹೆಸರುಗಳನ್ನು ತಿದ್ದುವ ಚಟ ಇದ್ದರೆ ತೆಗೆದುಕೊಳ್ಳಿ. ಇಲ್ಲವಾದರೆ ಪುಕ್ಕಟೆ ಖಾತೆ ಧಾರಾಳ ಸಾಕು, ಉಳಿದ ದುಡ್ಡಿಗೆ ಕ್ಯಾಸೆಟ್ ಬರುತ್ತದೆ.