ಪ್ಲಗ್ ಕೂತಿತು, ಬ್ಯಾಟರಿ ಹೊತ್ತಿತು: ಆರ್‌ಸಿ ಕಾರಿಗೆ ಲಿಪೋ ಹಾಕುವವರ ಗಮನಕ್ಕೆ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಆರ್‌ಸಿ ಕಾರಿನ, ಅಂದರೆ ರಿಮೋಟಿನಿಂದ ಓಡಿಸುವ ಆಟದ ಕಾರಿನ, ಬ್ಯಾಟರಿಯೊಂದು ಹೊತ್ತಿ ಉರಿಯಿತು. ಯಾರಿಗೂ ಗಾಯವಾಗಲಿಲ್ಲ, ಚಪ್ಪಲಿ ಸ್ಟ್ಯಾಂಡೂ ಎರಡು ಜೊತೆ ಶೂಗಳೂ ಸುಟ್ಟುಹೋದವು, ರೆಡ್ ಆಕ್ಸೈಡ್ ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲದ ಕಪ್ಪು ಕಲೆ ಉಳಿಯಿತು. ಈ ತಪ್ಪಿನಲ್ಲಿ ಅಂಗಡಿಯವರ ಪಾಲೂ ಇದೆ, ನನ್ನ ಪಾಲು ಅದಕ್ಕಿಂತ ದೊಡ್ಡದು.

ಮಗನಿಗೆ ಕೊಡಿಸಿದ್ದು 1/10 ಅಳತೆಯ, ಬ್ರಷ್ ಮೋಟಾರಿನ ಸಾಧಾರಣ ಕಾರು. ಜೊತೆಗೆ ಬಂದದ್ದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ: ತಲಾ 1.2 ವೋಲ್ಟಿನ ಆರು ಸೆಲ್ಲುಗಳು, ಒಟ್ಟು 7.2 ವೋಲ್ಟ್. ಚಾರ್ಜ್ ಇಳಿದಂತೆಲ್ಲ ಓಟವೂ ಮಂದವಾಗುತ್ತದೆ ಎಂಬುದು ಮಗನ ದೂರು. ಅಂಗಡಿಯಲ್ಲಿ ವಿಚಾರಿಸಿದಾಗ, "ಲಿಪೋ ಹಾಕಿ ಸಾರ್, ಅದೇ ಜಾಗದಲ್ಲಿ ಕೂರುತ್ತೆ, ಗಾಡಿ ಹಾರುತ್ತೆ" ಎಂದು 7.4 ವೋಲ್ಟಿನ, 5000 ಎಂಎಎಚ್ ಲಿಥಿಯಂ ಪಾಲಿಮರ್ (ಅದೇ ಲಿಪೋ) ಬ್ಯಾಟರಿಯೊಂದನ್ನು ಕೊಟ್ಟರು. ಅದರ ಪ್ಲಗ್ ನಮ್ಮ ಹಳೆಯ ಪ್ಲಗ್ಗಿಗೆ ಹೊಂದಲೆಂದು ಒಂದು ಕನ್ವರ್ಟರ್ ವೈರನ್ನೂ ಸೇರಿಸಿದರು. 7.2ಕ್ಕೂ 7.4ಕ್ಕೂ ಎಷ್ಟು ಮಹಾ ವ್ಯತ್ಯಾಸ ಎಂದು ನಾನೂ ಸುಮ್ಮನಾದೆ.

ನಿಕಲ್ ಬ್ಯಾಟರಿಯನ್ನು ಕಾರು ತೆವಳುವವರೆಗೆ ಓಡಿಸಿದರೂ ಅದು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಲಿಪೋದ ಯಾವ ಸೆಲ್ಲೂ 3 ವೋಲ್ಟಿಗಿಂತ ಕೆಳಗಿಳಿಯಬಾರದು. ಇಳಿದರೆ ಒಳಗೇ ಕೆಟ್ಟು, ಅನಿಲ ಹುಟ್ಟಿ ಉಬ್ಬುತ್ತದೆ. ಹಾಗಾಗದಂತೆ ಓಟವನ್ನು ಮೊದಲೇ ನಿಲ್ಲಿಸುವ ವ್ಯವಸ್ಥೆ ನಮ್ಮ ಕಾರಿನ ಇಎಸ್‌ಸಿಯಲ್ಲಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಡಬ್ಬಿಯಲ್ಲಿ, ಇದ್ದೇ ಇತ್ತು. ಕಡಲೆಬೇಳೆಯಷ್ಟು ಗಾತ್ರದ ಒಂದು ಕಪ್ಪು ಜಂಪರ್, ಅಂದರೆ ಪಿನ್ನುಗಳಿಗೆ ಚುಚ್ಚುವ ತುಂಡು: ಈ ಕಡೆ ಚುಚ್ಚಿದರೆ ಲಿಪೋ, ಆ ಕಡೆ ಚುಚ್ಚಿದರೆ ನಿಕಲ್. ನಾನು ಅದನ್ನು ಮುಟ್ಟಲೇ ಇಲ್ಲ. ಅಂಗಡಿಯಿಂದ ಬರುವಾಗಲೇ ಅರ್ಧ ಚಾರ್ಜ್ ಇದ್ದ ಬ್ಯಾಟರಿಯನ್ನು ಮಗ ಅಂದೇ ಸಂಜೆ ಕಾರು ಪೂರ್ತಿ ನಿಲ್ಲುವವರೆಗೆ ಓಡಿಸಿದ. ಹಾಕುವಾಗ ಸಲೀಸಾಗಿ ಕೂತಿದ್ದ ಬ್ಯಾಟರಿ ತೆಗೆಯುವಾಗ ಬಿಗಿಯಾಗಿತ್ತು, ಬೆರಳಿಟ್ಟು ಒತ್ತಿದರೆ ದಿಂಬಿನಂತೆ ಮೆತ್ತಗಿತ್ತು. ಅಂಗಡಿಗೆ ಫೋನ್ ಮಾಡಿದರೆ, "ಬಿಸಿಗೆ ಸ್ವಲ್ಪ ಉಬ್ಬುತ್ತೆ, ಏನೂ ಆಗಲ್ಲ" ಎಂಬ ಉತ್ತರ ಬಂತು.

ಅದನ್ನು ನಂಬಿ, ಹಳೆಯ ಬ್ಯಾಟರಿಗೆಂದು ಇಟ್ಟುಕೊಂಡಿದ್ದ 2 ಆಂಪಿಯರ್ ಚಾರ್ಜರ್‌ಗೆ ಇದನ್ನು ಸಿಕ್ಕಿಸಿದೆ. ನಿಕಲ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜ್ ಒಂದು ಕೂದಲೆಳೆಯಷ್ಟು ಕುಸಿಯುತ್ತದೆ. ಅಂಥ ಚಾರ್ಜರ್ ಕಾಯುವುದು ಆ ಕುಸಿತಕ್ಕಾಗಿಯೇ. ಲಿಪೋದಲ್ಲಿ ಆ ಸೂಚನೆ ಬರುವುದಿಲ್ಲ. ಅದನ್ನು ಸೆಲ್ಲಿಗೆ 4.2 ವೋಲ್ಟ್ ಆಗುತ್ತಲೇ ಹಿಡಿದು ನಿಲ್ಲಿಸಬೇಕು, ಒಂದು ಸೆಲ್ ಹಿಂದೆ, ಒಂದು ಮುಂದೆ ಆಗದಂತೆ ಬ್ಯಾಲೆನ್ಸ್ ವೈರಿನ ಮೂಲಕ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆಯುತ್ತಿರಬೇಕು. ನಮ್ಮಲ್ಲಿ ಆ ವೈರಿನ ಸಣ್ಣ ಬಿಳಿ ಪ್ಲಗ್ ಎಲ್ಲಿಗೂ ಸೇರದೆ ಚಪ್ಪಲಿ ಸ್ಟ್ಯಾಂಡಿನ ಅಂಚಿನಲ್ಲಿ ಜೋಲುತ್ತಿತ್ತು. ಸುಮಾರು ಎರಡೂವರೆ ಗಂಟೆಯ ನಂತರ ನೇಲ್ ಪಾಲಿಶ್‌ನಂಥ ಸಿಹಿ ವಾಸನೆ ಬಂತು, ಬಾಗಿಲು ತೆಗೆಯುವಷ್ಟರಲ್ಲಿ ಬುಸ್ಸೆಂದು ಬಿಳಿ ಹೊಗೆ, ಹಿಂದೆಯೇ ಬೆಂಕಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಅಲ್ಲಿಂದ ಬಾಂಡ್ಲಿಯಲ್ಲಿ ಮರಳು ತಂದು ಸುರಿದೆವು. ಆ ಹೊಗೆಯನ್ನು ಉಸಿರಾಡಬಾರದು, ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಇರಬಹುದು ಎಂಬುದು ನನಗೆ ತಿಳಿದದ್ದು ಆಮೇಲೆ.

ಚಾರ್ಜ್ ಆಗುವಷ್ಟು ಹೊತ್ತೂ ದೊಡ್ಡವರೊಬ್ಬರು ಹತ್ತಿರವಿರಲು ಆಗದ ಮನೆಯಲ್ಲಿ ನಿಕಲ್ ಬ್ಯಾಟರಿಯೇ ಸಾಕು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ವೇಗ ಕಡಿಮೆ ಎಂದು ಮಕ್ಕಳು ಗೊಣಗಿದರೆ ಗೊಣಗಲಿ. ಲಿಪೋ ಬೇಕೇ ಬೇಕೆನ್ನುವವರು ಬ್ಯಾಟರಿಯ ಬೆಲೆಯ ಜೊತೆಗೇ ಬ್ಯಾಲೆನ್ಸ್ ಚಾರ್ಜರ್‌ನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 5000 ಎಂಎಎಚ್‌ಗೆ 5 ಆಂಪಿಯರ್ ಮೀರದಂತೆ ಚಾರ್ಜ್ ಮಾಡಿ, ವಾರಗಟ್ಟಲೆ ಎತ್ತಿಡುವಾಗ ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿನಲ್ಲಿಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇವೆರಡರ ನಡುವಿನ ದಾರಿ, ಬೆಂಕಿಯ ಭಯ ಕಡಿಮೆ. ಆದರೆ ಅದರ ಸೆಲ್ 3.6 ವೋಲ್ಟಿನ ಸುಮಾರಿಗೇ ತುಂಬುವುದರಿಂದ ಅದಕ್ಕೂ ಚಾರ್ಜರ್‌ನಲ್ಲಿ ಅದರದೇ ಸೆಟ್ಟಿಂಗ್ ಇರಬೇಕು. ಉಬ್ಬಿದ ಲಿಪೋವನ್ನು ಮಾತ್ರ, ಯಾರು ಏನೇ ಹೇಳಲಿ, ಮತ್ತೆ ಚಾರ್ಜ್ ಮಾಡಬೇಡಿ, ಮನೆಯ ಕಸಕ್ಕೂ ಹಾಕಬೇಡಿ. ನಮ್ಮ ಸುಟ್ಟ ಬ್ಯಾಟರಿಯನ್ನು ಮರಳು ತುಂಬಿದ ಹೂಕುಂಡದಲ್ಲಿ ಹಿತ್ತಲಲ್ಲಿ ಎರಡು ದಿನ ಬಿಟ್ಟು, ಆ ಕುಂಡದ ಸಮೇತವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ ಬಂದೆ.