ನಾವೇ ಮಾಡಿದ ಟ್ರಾನ್ಸಿಸ್ಟರಿಗೆ ಯಾವ ಸಿಮ್ಯುಲೇಟರ್? ಒಂದೇ ಪಿಮಾಸ್, ಐದು ಸಾಫ್ಟ್‌ವೇರ್

ಕೊಂಡು ತಂದ ಟ್ರಾನ್ಸಿಸ್ಟರಿಗೆ ಈ ತಲೆನೋವಿಲ್ಲ. ತಯಾರಿಸಿದವರೇ ಸ್ಪೈಸ್ ಮಾಡೆಲ್ (ಸರ್ಕ್ಯೂಟ್ ಸಿಮ್ಯುಲೇಟರಿಗೆ ಅದರ ವರ್ತನೆ ತಿಳಿಸುವ ಸೂತ್ರ, ಅಂಕಿಗಳು) ಕೊಟ್ಟಿರುತ್ತಾರೆ, ಫೈಲ್ ಇಳಿಸಿಕೊಂಡು ನೆಟ್‌ಲಿಸ್ಟಿಗೆ, ಅಂದರೆ ಸರ್ಕ್ಯೂಟನ್ನು ಪಠ್ಯದಲ್ಲಿ ಬರೆದ ಪಟ್ಟಿಗೆ, ಸೇರಿಸಿದರೆ ಮುಗೀತು. ವೇಫರ್ ಮೇಲೆ ನಾವೇ ಮಾಡಿದ್ದಕ್ಕೆ ಮಾಡೆಲ್ ಯಾರು ಕೊಡುತ್ತಾರೆ?

ನನ್ನ ಕೈಯಲ್ಲಿದ್ದದ್ದು ಅಲ್ಯುಮಿನಿಯಂ ಗೇಟಿನ ಒಂದು ಪಿಮಾಸ್, ಅಂದರೆ ಗೇಟಿನ ವೋಲ್ಟೇಜಿನಿಂದ ಹೋಲುಗಳ (ಪಾಸಿಟಿವ್ ಚಾರ್ಜಿನ) ಹರಿವನ್ನು ಹತೋಟಿಯಲ್ಲಿಡುವ ಟ್ರಾನ್ಸಿಸ್ಟರ್. ಎನ್ ಟೈಪ್ ಸಿಲಿಕಾನ್, ಡೋಪಿಂಗ್ (ಬೇಕೆಂದೇ ಬೆರೆಸಿದ ಬೇರೆ ಪರಮಾಣುಗಳು) ಘನ ಸೆಂಟಿಮೀಟರಿಗೆ ಸುಮಾರು 10¹⁵, ಗೇಟಿನ ಕೆಳಗಿನ ಆಕ್ಸೈಡ್ ಪದರ 100 ನ್ಯಾನೊಮೀಟರ್, ಚಾನೆಲ್ ಉದ್ದ 20 ಮೈಕ್ರಾನ್, ಅಗಲ 200 ಮೈಕ್ರಾನ್. ಇವತ್ತಿನ ಚಿಪ್‌ಗಳ ಪಕ್ಕ ಇಟ್ಟರೆ ಆನೆ ಗಾತ್ರ. ಇದೇ ಒಂದನ್ನು ಐದು ಸಾಫ್ಟ್‌ವೇರಿನಲ್ಲಿ ಓಡಿಸಿ ನೋಡಿದೆ: ಎಲ್‌ಟಿಸ್ಪೈಸ್, ಎನ್‌ಜಿಸ್ಪೈಸ್, ಡೆವ್‌ಸಿಮ್, ನ್ಯಾನೊಹಬ್‌ನಲ್ಲಿರುವ ಪಾಡ್ರೆ, ಮತ್ತೆ ಒಂದು ಲ್ಯಾಬಿನ ಲೈಸೆನ್ಸಿನಲ್ಲಿ ಸ್ವಲ್ಪ ದಿನ ಸಿಕ್ಕ ಸಿಲ್ವಾಕೊ ಅಟ್ಲಾಸ್.

ಮೊದಲೇ ಹೇಳಿಬಿಡುತ್ತೇನೆ, ಇವು ಐದೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡುವಂಥವಲ್ಲ. ಮೊದಲಿನ ಎರಡು ಸರ್ಕ್ಯೂಟ್ ಸಿಮ್ಯುಲೇಟರ್‌ಗಳು. ಟ್ರಾನ್ಸಿಸ್ಟರಿನ ಒಳಗೆ ಏನಿದೆ ಅಂತ ಅವಕ್ಕೆ ಗೊತ್ತಿಲ್ಲ, ನೀವು ಕೊಟ್ಟ ಸೂತ್ರವನ್ನು ನಂಬುತ್ತವೆ. ಉಳಿದ ಮೂರು ಡಿವೈಸ್ ಸಿಮ್ಯುಲೇಟರ್‌ಗಳು. ಡೋಪಿಂಗ್, ದಪ್ಪ, ಆಕಾರ ಕೊಟ್ಟರೆ ಒಳಗೆ ಎಲೆಕ್ಟ್ರಾನು, ಹೋಲುಗಳು ಹೇಗೆ ಹರಿಯುತ್ತವೆ ಅಂತ ಲೆಕ್ಕ ಹಾಕಿ ಕರ್ವ್ ಕೊಡುತ್ತವೆ. ನನಗೆ ಬೇಕಿದ್ದದ್ದು ಈ ಟ್ರಾನ್ಸಿಸ್ಟರಿನಲ್ಲಿ ಒಂದು ರಿಂಗ್ ಆಸಿಲೇಟರ್ (ಇನ್ವರ್ಟರ್‌ಗಳನ್ನು ಬಳೆಯಂತೆ ಜೋಡಿಸಿ ತಾನೇ ತಾನಾಗಿ ಆನ್-ಆಫ್ ಆಗುತ್ತಿರುವ ಸರ್ಕ್ಯೂಟ್) ಕಟ್ಟಿದರೆ ಓಡುತ್ತಾ ಅನ್ನೋ ಉತ್ತರ. ಅದಕ್ಕೆ ಡಿವೈಸ್ ಸಿಮ್ಯುಲೇಟರಿನಿಂದ ಶುರು ಮಾಡಿದೆ ನೋಡಿ, ಅಲ್ಲಿ ವಾರಗಟ್ಟಲೆ ಹೋಯಿತು.

ಡೆವ್‌ಸಿಮ್ ಉಚಿತ, ಓಪನ್ ಸೋರ್ಸ್, ಪೈಥಾನಿನಲ್ಲಿ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಇದರಲ್ಲಿ ಸಮೀಕರಣವನ್ನೇ ನೀವು ಬರೆಯಬಹುದು. ಪಾಯ್ಸನ್ ಸಮೀಕರಣ (ಚಾರ್ಜಿನಿಂದ ಒಳಗಿನ ವೋಲ್ಟೇಜ್ ಲೆಕ್ಕ ಹಾಕುವುದು), ಕರೆಂಟಿನ ಸೂತ್ರ, ಎಲ್ಲವನ್ನೂ ಅಕ್ಷರದಲ್ಲಿ ಬರೆದು ಕೊಟ್ಟರೆ ಡಿರೈವೇಟಿವ್ ಅದೇ ತೆಗೆದುಕೊಳ್ಳುತ್ತದೆ. ಸಿಲಿಕಾನಿಗೆ ಬೇಕಾದದ್ದು ಜೊತೆಗೇ ಬರುವ ಪೈಥಾನ್ ಫೈಲುಗಳಲ್ಲಿ ಸಿದ್ಧವಾಗಿದೆ. ಸಿಲಿಕಾನ್ ಬಿಟ್ಟು ಬೇರೆ ವಸ್ತುವಿನಲ್ಲಿ ಟ್ರಾನ್ಸಿಸ್ಟರ್ ಮಾಡುವವರಿಗೆ, ಉದಾಹರಣೆಗೆ ಆರ್ಗ್ಯಾನಿಕ್ ಅಥವಾ ಆಕ್ಸೈಡ್ ಸೆಮಿಕಂಡಕ್ಟರಿನವರಿಗೆ, ಇದು ದೊಡ್ಡ ವಿಷಯ. ನಿಮ್ಮ ಮೊಬಿಲಿಟಿ (ಚಾರ್ಜ್ ಎಷ್ಟು ಸಲೀಸಾಗಿ ಚಲಿಸುತ್ತದೆ ಅನ್ನೋದರ) ಸೂತ್ರವನ್ನು ನೀವೇ ತುರುಕಬಹುದು.

ಆದರೆ ಮೆಶ್, ಅಂದರೆ ಲೆಕ್ಕಕ್ಕಾಗಿ ಟ್ರಾನ್ಸಿಸ್ಟರನ್ನು ಚೂರು ಮಾಡುವ ಬಲೆ, ಅದರ ವಿಷಯದಲ್ಲಿ ನಾನು ಸರಿಯಾಗಿ ಬಿದ್ದೆ. ಇಷ್ಟು ದೊಡ್ಡ ಟ್ರಾನ್ಸಿಸ್ಟರ್ ಅಲ್ವಾ, 50 ನ್ಯಾನೊಮೀಟರಿನ ಚೌಕ ಸಾಕು ಅಂದುಕೊಂಡೆ. ಕರೆಂಟ್ ಬಂತು, ಕರ್ವ್ ನೋಡಲು ಚೆನ್ನಾಗಿಯೇ ಇತ್ತು, ಕೈಲೆಕ್ಕದ ಜೊತೆ ಮಾತ್ರ ಹೊಂದಲೇ ಇಲ್ಲ. ಎರಡು ದಿನ ಮೊಬಿಲಿಟಿಯನ್ನು ಬೈದುಕೊಂಡು ತಿದ್ದಿದೆ. ಆಮೇಲೆ ಹೊಳೆಯಿತು: ಕರೆಂಟ್ ಹರಿಯುವ ಇನ್ವರ್ಷನ್ ಪದರ ಆಕ್ಸೈಡಿಗೆ ಅಂಟಿಕೊಂಡ ಹಾಗೆ ಕೆಲವೇ ನ್ಯಾನೊಮೀಟರ್ ದಪ್ಪ ಇರುತ್ತದೆ, ಅಷ್ಟೂ ನನ್ನ ಒಂದೇ ಚೌಕದೊಳಗೆ ಮುಳುಗಿಹೋಗಿತ್ತು. ಅಂಚಿನಲ್ಲಿ 1 ನ್ಯಾನೊಮೀಟರಿನಿಂದ ಶುರು ಮಾಡಿ ಕೆಳಗೆ ಹೋದಂತೆ ಅಗಲವಾಗುವ ಮೆಶ್ ಹಾಕಿದ ಮೇಲೆ ದಾರಿಗೆ ಬಂತು. ಇನ್ನೊಂದು: ಒಮ್ಮೆಲೇ ಗೇಟಿಗೆ 5 ವೋಲ್ಟ್ ಕೊಟ್ಟರೆ ಕನ್ವರ್ಜ್ ಆಗುವುದಿಲ್ಲ, ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುವುದಿಲ್ಲ. ಸೊನ್ನೆ ವೋಲ್ಟಿನಲ್ಲಿ ಬರೀ ಪಾಯ್ಸನ್ ಬಿಡಿಸಿ, ಆಮೇಲೆ ಎಲೆಕ್ಟ್ರಾನು, ಹೋಲುಗಳನ್ನು ಸೇರಿಸಿ, ಆಮೇಲೆ 0.1 ವೋಲ್ಟಿನಂತೆ ಮೆಟ್ಟಿಲು ಹತ್ತಬೇಕು.

ಹಾಗೇ 2ಡಿ ಸಿಮ್ಯುಲೇಶನ್ ಕೊಡುವುದು ಇಡೀ ಟ್ರಾನ್ಸಿಸ್ಟರಿನ ಕರೆಂಟನ್ನಲ್ಲ, ಅಗಲದ ಒಂದು ಘಟಕಕ್ಕೆ ಎಷ್ಟು ಅನ್ನೋದನ್ನು. ಡೆವ್‌ಸಿಮ್‌ನ ಆ ಸಿಲಿಕಾನ್ ಫೈಲುಗಳಲ್ಲಿ ಅಳತೆ ಸೆಂಟಿಮೀಟರಿನಲ್ಲಿ, ಅಟ್ಲಾಸಿನಲ್ಲಿ ಅಗಲ ಮೈಕ್ರಾನಿನಲ್ಲಿ. ಹೋಲಿಸುವಾಗ ಇದನ್ನು ಮರೆತರೆ 10,000 ಪಟ್ಟು ವ್ಯತ್ಯಾಸ ಕಂಡು ಎದೆ ಧಸಕ್ಕೆನ್ನುತ್ತದೆ.

ಪಾಡ್ರೆ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬೆಲ್ ಲ್ಯಾಬ್ಸಿನಲ್ಲಿ ಬೆಳೆದ ಹಳೆಯ ಸಿಮ್ಯುಲೇಟರ್, ನ್ಯಾನೊಹಬ್‌ನಲ್ಲಿ ಖಾತೆ ತೆರೆದರೆ ಬ್ರೌಸರಿನಲ್ಲೇ ಓಡುತ್ತದೆ. ಮಾಸ್‌ಫೆಟ್ ಅನ್ನೋ ಫಾರ್ಮ್ ಇದೆ, ಅಂಕಿ ತುಂಬಿ ಗುಂಡಿ ಒತ್ತಿದರೆ ಕರ್ವ್. ಮೊದಲ ಸಂಜೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಿಮ್ಮ ಟ್ರಾನ್ಸಿಸ್ಟರಿನ ಆಕಾರ ಫಾರ್ಮಿನಲ್ಲಿ ಇರುವುದಕ್ಕಿಂತ ಸ್ವಲ್ಪ ಬೇರೆ ಆದರೂ ಪಾಡ್ರೆಯ ಇನ್‌ಪುಟ್ ಫೈಲನ್ನೇ ಬರೆಯಬೇಕು. ಅಷ್ಟು ಕಷ್ಟಪಡುವುದಾದರೆ ನಾನು ಡೆವ್‌ಸಿಮ್‌ಗೇ ಹೋಗುತ್ತೇನೆ.

ಅಟ್ಲಾಸ್ ಮುಂದೆ ಕೂತಾಗ ಮಾತ್ರ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಯಿತು. ಡೆವ್‌ಸಿಮ್‌ನಲ್ಲಿ ಆಕ್ಸೈಡಿನ ಅಂಚಿನಲ್ಲಿ ಸ್ಥಿರ ಚಾರ್ಜ್ ಇಡಲು ತೆಳು ಪದರ ಮಾಡಿ, ಪಾಯ್ಸನ್ ಸಮೀಕರಣಕ್ಕೆ ಒಂದು ಪದ ಸೇರಿಸಿ, ಅರ್ಧ ದಿನ ಕಳೆದಿದ್ದೆ. ಇಲ್ಲಿ ಇಂಟರ್‌ಫೇಸ್ ಅಂತ ಬರೆದು ಕ್ಯೂಎಫ್‌ಗೆ ಒಂದು ಅಂಕಿ ಕೊಟ್ಟರೆ ಆಯಿತು. ಟ್ರ್ಯಾಪ್‌ಗಳಿಗೂ (ಚಾರ್ಜನ್ನು ಹಿಡಿದಿಟ್ಟುಕೊಳ್ಳುವ ದೋಷಗಳಿಗೂ) ಹಾಗೇ. ಆಕ್ಸಿಡೇಶನ್, ಡಿಫ್ಯೂಶನ್ ಹಂತಗಳನ್ನೇ ಸಿಮ್ಯುಲೇಟ್ ಮಾಡುವ ಜೋಡಿ ಸಾಫ್ಟ್‌ವೇರ್ ಕೂಡ ಇದೆ. ಲೈಸೆನ್ಸ್ ಇರುವ ಕಡೆ ಓದುತ್ತಿದ್ದರೆ ಅಥವಾ ಕೆಲಸ ಮಾಡುತ್ತಿದ್ದರೆ ಯೋಚನೆಯೇ ಬೇಡ, ಇದನ್ನೋ ಇಂಥದ್ದೇ ಇನ್ನೊಂದು ವಾಣಿಜ್ಯ ಸಾಫ್ಟ್‌ವೇರ್ ಸೆಂಟಾರಸನ್ನೋ ಬಳಸಿ. ಸ್ವಂತಕ್ಕೆ ಕೊಳ್ಳುವ ಮಾತು ಬಿಡಿ.

ಈಗ ನನ್ನನ್ನು ಬೆಪ್ಪು ಮಾಡಿದ ಸಂಗತಿ. ಮೂರೂ ಡಿವೈಸ್ ಸಿಮ್ಯುಲೇಟರ್‌ಗಳು ಥ್ರೆಶೋಲ್ಡ್ ವೋಲ್ಟೇಜ್ (ಟ್ರಾನ್ಸಿಸ್ಟರ್ ಆನ್ ಆಗಲು ಬೇಕಾದ ಗೇಟ್ ವೋಲ್ಟೇಜ್) ಹೆಚ್ಚುಕಡಿಮೆ ಮೈನಸ್ 1.2 ವೋಲ್ಟ್ ಅಂದವು. ಕೈಲೆಕ್ಕವೂ ಅದನ್ನೇ ಹೇಳುತ್ತದೆ. ಅಳೆದದ್ದು ಮೈನಸ್ 2.1. ಆಕ್ಸೈಡಿನಲ್ಲಿ ಚದರ ಸೆಂಟಿಮೀಟರಿಗೆ 2×10¹¹ ಪಾಸಿಟಿವ್ ಚಾರ್ಜ್ ಇದೆ ಅಂದುಕೊಂಡರೆ ಸರಿಯಾಗಿ 0.9 ವೋಲ್ಟ್ ಕೆಳಗೆ ಸರಿಯುತ್ತದೆ, ಲೆಕ್ಕ ಹೊಂದುತ್ತದೆ. ಆದರೆ ಆ 2×10¹¹ ಎಲ್ಲಿಂದ ಬಂತು? ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು. ಎಷ್ಟು ದುಬಾರಿ ಸಾಫ್ಟ್‌ವೇರ್ ತಂದರೂ ನಿಮ್ಮ ಫರ್ನೇಸಿನಲ್ಲಿ ಆಕ್ಸೈಡ್ ಎಷ್ಟು ಕೊಳಕಾಗಿತ್ತು ಅಂತ ಅದಕ್ಕೆ ಗೊತ್ತಾಗಲ್ಲ. ಸಬ್‌ಥ್ರೆಶೋಲ್ಡ್ ಸ್ಲೋಪ್ (ಥ್ರೆಶೋಲ್ಡಿನ ಕೆಳಗೆ ಕರೆಂಟ್ ಒಂದು ಡಿಕೇಡ್, ಅಂದರೆ ಹತ್ತು ಪಟ್ಟು, ಬದಲಾಗಲು ಬೇಕಾದ ಗೇಟ್ ವೋಲ್ಟೇಜ್) ಕೂಡ ಹಾಗೇ: ಆದರ್ಶ ಲೆಕ್ಕದಲ್ಲಿ ಡಿಕೇಡಿಗೆ 80 ಮಿಲಿವೋಲ್ಟ್ ಆಸುಪಾಸು, ನನ್ನದು 110. ಟ್ರ್ಯಾಪ್ ಹಾಕಿದರೆ ಹೊಂದುತ್ತದೆ, ಎಷ್ಟು ಹಾಕಬೇಕು ಅಂತ ಮತ್ತೆ ಅಳತೆಯೇ ಹೇಳಬೇಕು. ಟ್ರಾನ್ಸಿಸ್ಟರ್ ಆಗಲೇ ಕೈಯಲ್ಲಿದೆ, ಅಳೆದೂ ಆಗಿದೆ ಅಂದಮೇಲೆ ನೇರವಾಗಿ ಅಳತೆಗೇ ಸೂತ್ರ ಹೊಂದಿಸಿ ಸ್ಪೈಸಿಗೆ ಕೊಡಬಾರದಾ? ಇಷ್ಟು ಸುತ್ತಿ ಬಂದು ಇಲ್ಲಿಗೆ ತಲುಪಿದೆ.

ಎಲ್‌ಟಿಸ್ಪೈಸ್ ನನಗೆ ಇಷ್ಟ. ಉಚಿತ, ವೇಗ, ಸರ್ಕ್ಯೂಟ್ ಬರೆಯುವುದು ಸಲೀಸು. ಲೆವೆಲ್ 1 ಅನ್ನೋ ಸರಳ ಮಾಡೆಲಿಗೆ ವಿಟಿಒ (ಥ್ರೆಶೋಲ್ಡ್), ಕೆಪಿ (ಕರೆಂಟ್ ಎಷ್ಟು ಜೋರು ಅನ್ನೋದು), ಲ್ಯಾಂಬ್ಡಾ (ಸ್ಯಾಚುರೇಶನ್ನಿನಲ್ಲೂ ಕರೆಂಟ್ ಎಷ್ಟು ಏರುತ್ತದೆ ಅನ್ನೋದು) ಮೂರೇ ಅಂಕಿ ಕೊಟ್ಟರೂ ಓಡುತ್ತದೆ. ಸ್ಯಾಚುರೇಶನ್ನಿನಲ್ಲಿ ಡ್ರೇನ್ ಕರೆಂಟಿನ ವರ್ಗಮೂಲವನ್ನು ಗೇಟ್ ವೋಲ್ಟೇಜಿನ ಎದುರು ಬರೆದರೆ ನೇರ ಗೆರೆ ಬರುತ್ತದಲ್ಲ, ಆ ಗೆರೆಯಿಂದಲೇ ಮೊದಲ ಎರಡೂ ಸಿಗುತ್ತವೆ. ಅರ್ಧ ಗಂಟೆಯ ಕೆಲಸ. ಆದರೆ ಲೆವೆಲ್ 1ರ ಲೆಕ್ಕದಲ್ಲಿ ಥ್ರೆಶೋಲ್ಡ್ ದಾಟದಿದ್ದರೆ ಚಾನೆಲ್ ಕರೆಂಟ್ ಸೊನ್ನೆ, ಗೇಟಿನಿಂದ ಡಿಸಿ ಸೋರಿಕೆಯೂ ಸೊನ್ನೆ. ನನ್ನ ಟ್ರಾನ್ಸಿಸ್ಟರ್ ಎರಡೂ ಕಡೆ ಸೋರುತ್ತಿತ್ತು. ಸಬ್‌ಸರ್ಕ್ಯೂಟ್ ಮಾಡಿ ರೆಸಿಸ್ಟರ್, ಬಿ ಸೋರ್ಸ್ (ಸೂತ್ರ ಬರೆದು ಕೊಡುವ ಕರೆಂಟ್ ಅಥವಾ ವೋಲ್ಟೇಜ್ ಮೂಲ) ಅಂತ ತೇಪೆ ಹಾಕುತ್ತಾ ಹೋಗಬಹುದು, ನಾನೂ ಹಾಕಿದೆ. ನಾಲ್ಕನೇ ತೇಪೆಗೆ ಸಾಕಾಯಿತು.

ಎನ್‌ಜಿಸ್ಪೈಸಿಗೆ ಬಂದದ್ದು ವೆರಿಲಾಗ್-ಎ, ಅಂದರೆ ಸ್ವಂತ ಮಾಡೆಲಿನ ಸೂತ್ರಗಳನ್ನು ಬರೆಯುವ ಭಾಷೆ, ಅದರ ಆಸೆಗೆ. ಓಪನ್‌ವಿಎಎಫ್ ಅನ್ನೋ ಕಂಪೈಲರ್ ನೀವು ಬರೆದ ಮಾಡೆಲನ್ನು ಓಎಸ್‌ಡಿಐ ಅನ್ನೋ, ಸಿಮ್ಯುಲೇಟರ್ ಓದಬಲ್ಲ ಫೈಲ್ ಮಾಡಿಕೊಡುತ್ತದೆ, ಎನ್‌ಜಿಸ್ಪೈಸ್ ಅದನ್ನು ಲೋಡ್ ಮಾಡಿಕೊಂಡು ಒಳಗಿನ ಮಾಡೆಲಿನ ಹಾಗೇ ನಡೆಸುತ್ತದೆ. ನೋಡಲು ಒರಟು, ಸರ್ಕ್ಯೂಟನ್ನು ಪಠ್ಯದಲ್ಲೇ ಬರೆಯಬೇಕು, ಗ್ರಾಫ್ ಕೂಡ ಹಳೇ ಕಾಲದ್ದು. ಆದರೂ ಗೆದ್ದದ್ದು ಇದೇ. ಇಕೆವಿ ಅನ್ನೋ ಪ್ರಸಿದ್ಧ ಮಾಸ್ ಟ್ರಾನ್ಸಿಸ್ಟರ್ ಮಾಡೆಲಿನ ಮೂಲ ಸೂತ್ರ ತೆಗೆದುಕೊಂಡೆ. ಥ್ರೆಶೋಲ್ಡಿನ ಕೆಳಗೆ, ಮೇಲೆ ಎರಡಕ್ಕೂ ಒಂದೇ ಸೂತ್ರ, ನಡುವೆ ಮುರಿಯುವುದಿಲ್ಲ. ಗೇಟ್ ಸೋರಿಕೆಗೆ ಒಂದು ಸಾಲು, ಕಾಂಟ್ಯಾಕ್ಟ್ ರೆಸಿಸ್ಟೆನ್ಸಿಗೆ ಎರಡು. ಒಟ್ಟು ನಲವತ್ತು ಸಾಲು ಆಗಿರಬಹುದು. ಪೈಥಾನಿನಲ್ಲಿ ಅಳತೆಗೆ ಹೊಂದಿಸಿದಾಗ ಕರ್ವ್‌ಗಳು ಒಂದರ ಮೇಲೊಂದು ಕೂತವು. ಮೊದಲ ಸಲ ಓಡಿಸಿದಾಗ ಮಾತ್ರ ಓವರ್‌ಫ್ಲೋ ಆಗಿ ನಿಂತಿತು. ಆ ಸೂತ್ರದಲ್ಲಿ ಎಕ್ಸ್‌ಪೊನೆನ್ಶಿಯಲ್‌ಗೆ ಒಂದು ಕೂಡಿಸಿ ಲಾಗ್ ತೆಗೆಯಬೇಕು, ಒಳಗಿನ ಅಂಕಿ ದೊಡ್ಡದಾದರೆ ಎಕ್ಸ್‌ಪೊನೆನ್ಶಿಯಲ್ ಸಿಡಿಯುತ್ತದೆ. ದೊಡ್ಡ ಅಂಕಿಗೆ ಲಾಗ್ ಬಿಟ್ಟು ಆ ಅಂಕಿಯನ್ನೇ ಬಳಸು ಅಂತ ಒಂದು ಇಫ್ ಹಾಕಿದೆ, ಸರಿಹೋಯಿತು.

ಹಾಗಂತ ಡೆವ್‌ಸಿಮ್ ತೆಗೆದುಹಾಕಿಲ್ಲ. ಆಕ್ಸೈಡನ್ನು 100ರಿಂದ 50ಕ್ಕೆ ಇಳಿಸಿದರೆ ಏನಾಗುತ್ತದೆ, ಚಾನೆಲ್ 5 ಮೈಕ್ರಾನ್ ಮಾಡಿದರೆ ಪಂಚ್‌ಥ್ರೂ (ಗೇಟಿನ ಹತೋಟಿ ತಪ್ಪಿ ಸೋರ್ಸಿನಿಂದ ಡ್ರೇನಿಗೆ ನೇರ ಹರಿವು) ಆಗುತ್ತಾ, ಇಂಥ ಇನ್ನೂ ಮಾಡದ ಟ್ರಾನ್ಸಿಸ್ಟರಿನ ಪ್ರಶ್ನೆಗೆ ನನ್ನ ನಲವತ್ತು ಸಾಲು ಉತ್ತರ ಕೊಡಲಾರವು. ಅಂದಹಾಗೆ ಎನ್‌ಜಿಸ್ಪೈಸಿನೊಳಗೇ ಸೈಡರ್ ಅಂತ ಒಂದು ಡಿವೈಸ್ ಸಿಮ್ಯುಲೇಟರ್ ಅವಿತುಕೊಂಡಿದೆ, ಬರ್ಕ್ಲಿಯ ಕಾಲದ್ದು. ಸರ್ಕ್ಯೂಟಿನ ನಡುವೆಯೇ ಒಂದು ಟ್ರಾನ್ಸಿಸ್ಟರನ್ನು 2ಡಿ ಮೆಶ್ ಸಮೇತ ಓಡಿಸಬಹುದು. ಸುಮ್ನೆ ಕುತೂಹಲಕ್ಕೆ ನೋಡಿದೆ, ಚೆನ್ನಾಗಿದೆ, ನಿಧಾನ.

ರಿಂಗ್ ಆಸಿಲೇಟರ್ ಕಥೆ ಉಳಿಯಿತು. ಡಿಸಿ ಕರ್ವ್ ಅಷ್ಟು ಚೆನ್ನಾಗಿ ಕೂತಿದೆಯಲ್ಲ ಅಂತ ಜಂಬದಿಂದ ಐದು ಹಂತದ ಆಸಿಲೇಟರ್ ಬರೆದು ಓಡಿಸಿದೆ. ಟೈಮ್‌ಸ್ಟೆಪ್ ತೀರ ಚಿಕ್ಕದಾಯಿತು ಅಂತ ದೋಷ ಬಂತು. ಯಾಕೆ ಅಂದರೆ ನನ್ನ ಮಾಡೆಲಿನಲ್ಲಿ ಕೆಪ್ಯಾಸಿಟೆನ್ಸ್ ಅನ್ನೋದೇ ಇರಲಿಲ್ಲ! ಲೆವೆಲ್ 1 ಆಗಿದ್ದರೆ ಟಾಕ್ಸ್ (ಆಕ್ಸೈಡಿನ ದಪ್ಪ) ಕೊಟ್ಟರೆ ಸಾಕು, ಗೇಟ್ ಕೆಪ್ಯಾಸಿಟೆನ್ಸನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತಿತ್ತು. ಇಲ್ಲಿ ಬರೆಯದಿದ್ದರೆ ಇಲ್ಲ. ಸೇರಿಸಿದೆ: ಗೇಟಿನದು ಸುಮಾರು 1.4 ಪಿಕೊಫ್ಯಾರಡ್. ಜೊತೆಗೆ ಮೆಟಲ್ ಗೇಟು ಸೋರ್ಸ್, ಡ್ರೇನ್ ಮೇಲೆ 5 ಮೈಕ್ರಾನ್ ಹೊದ್ದುಕೊಂಡಿದೆ, ಅದಕ್ಕೆ ಒಂದೊಂದು ಬದಿಗೆ 0.35. ಈಗ ಓಡಿತು, ಆದರೆ ಬೆಂಚಿನ ಮೇಲಿನ ನಿಜವಾದ ಆಸಿಲೇಟರಿಗಿಂತ ಬಹಳ ಜೋರಾಗಿ. ಮತ್ತೆ ಮಾಡೆಲ್ ತಿದ್ದಲು ಕೂತವನು ಅಕಸ್ಮಾತ್ ಆಸಿಲೋಸ್ಕೋಪಿನ ಪ್ರೋಬ್ ಮೇಲೆ ಬರೆದದ್ದನ್ನು ಓದಿದೆ. 10 ಪಿಕೊಫ್ಯಾರಡ್: ಅಳೆಯಲು ತಾಗಿಸಿದಾಗ ಪ್ರೋಬ್ ತಾನೇ ಸರ್ಕ್ಯೂಟಿಗೆ ಸೇರಿಸುವ ಕೆಪ್ಯಾಸಿಟೆನ್ಸ್. ನೆಟ್‌ಲಿಸ್ಟಿನಲ್ಲಿ ಪ್ರೋಬ್ ತಾಗಿಸಿದ್ದ ಜಾಗಕ್ಕೆ ಒಂದು 10 ಪಿಕೊಫ್ಯಾರಡ್ ಕೆಪ್ಯಾಸಿಟರ್ ನೇತುಹಾಕಿದೆ, ಎರಡೂ ಹತ್ತಿರ ಬಂದವು.