ಬಚ್ಚಲುಮನೆ ಒಳಗೆ ಗ್ಯಾಸ್ ಗೀಸರ್ ಕೂಡಿಸಬೇಡಿ, ಕೂಡಿಸಿ ಅನಾಹುತ ಆದರೆ ಅಂಗಡಿಯವರ ಕೈಗೆ ಬಿಚ್ಚಿ ಕೊಡಬೇಡಿ

ಬೀದರ್, ಭಾಲ್ಕಿ, ಹುಮನಾಬಾದ್, ಕಲಬುರಗಿ ಕಡೆಯವರು ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಈ ಸಲದ ಎಳ್ಳಮಾವಾಸ್ಯೆ ದಿನ ನನ್ನ ಹೆಂಡತಿ ನಮ್ಮ ಮನೆ ಬಚ್ಚಲಲ್ಲೇ ಸಾಯಬೇಕಾಗಿತ್ತು. ಕರೆಂಟ್ ಹೊಡೆದಿಲ್ಲ. ಸಿಲಿಂಡರ್ ಸೋರಿಲ್ಲ. ಬೆಂಕಿ ಹತ್ತಿಲ್ಲ. ಉಸಿರಾಡಿದ ಗಾಳಿಯೇ ವಿಷವಾಗಿತ್ತು.

ಬೀದರ್ ಚಳಿ ನಿಮಗೆ ಗೊತ್ತೇ ಇದೆ. ದೀಪಾವಳಿ ಮುಗಿದ ಮೇಲೆ ಒಂದು ಗ್ಯಾಸ್ ಗೀಸರ್ ತಂದೆವು. ಅಂಗಡಿ ಹೆಸರು ಇಲ್ಲಿ ಹಾಕುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. 4,800 ರೂಪಾಯಿ, ಫಿಟಿಂಗ್ ಸೇರಿ. "ಪಕ್ಕಾ ಬಿಲ್ ಬೇಕಂದ್ರ ರೇಟ್ ಬ್ಯಾರೆ ಆಗ್ತದ್ರಿ ಸರ್" ಅಂದರು. ನಾನೂ ಎಲ್ಲರ ಹಾಗೆ ಕಚ್ಚಾ ಚೀಟಿ ತೆಗೆದುಕೊಂಡು ಬಂದೆ. ಆ ಉಳಿದ ದುಡ್ಡು ಈಗ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಫಿಟಿಂಗಿಗೆ ಬಂದ ಹುಡುಗನಿಗೆ ನಾನೇ ಕೇಳಿದ್ದೆ, ಹಿತ್ತಲ ಗೋಡೆಗೆ ಹೊರಗಡೆ ಕೂಡಿಸಬಹುದಲ್ಲ ಅಂತ. "ಪೈಪ್ ಉದ್ದ ಆಗ್ತದ, ನೀರು ಬರೋತನ ತಣ್ಣಗ ಆಗ್ತದ್ರಿ. ಒಳಗೇ ಛಲೋ" ಅಂದ. ಬಚ್ಚಲು ಐದಡಿ ಆರಡಿ, ಮೇಲೆ ಒಂದು ಸಣ್ಣ ವೆಂಟಿಲೇಟರ್, ಅಷ್ಟೇ. ಅದನ್ನು ನೋಡಿ, "ಗಾಳಿ ಹೊಡೆದ್ರ ಉರಿ ನಿಲ್ಲಂಗಿಲ್ಲ, ಥರ್ಮಾಕೋಲ್ ಹಚ್ಚಿ ಮುಚ್ಚಿಬಿಡ್ರಿ" ಅಂದ. ಗ್ಯಾಸ್ ಸೋರಿದರೆ? "ವಾಸನಿ ಬರ್ತದಲ್ಲ ಸರ್, ವಾಸನಿ ಬಂದ್ರ ಬಂದ್ ಮಾಡ್ರಿ." ಅವತ್ತೇ ಸಂಜೆ ಥರ್ಮಾಕೋಲ್ ತಂದು ನನ್ನ ಕೈಯಾರೆ ಮುಚ್ಚಿದೆ.

ವಾಸನೆ ಬರುವುದು ಉರಿಯದೆ ಸೋರುವ ಗ್ಯಾಸಿಗೆ. ಗೊತ್ತಾಗಲಿ ಅಂತಲೇ ಅದರಲ್ಲಿ ವಾಸನೆ ಬೆರೆಸಿರುತ್ತಾರೆ. ಆದರೆ ಮುಚ್ಚಿದ ಬಚ್ಚಲಲ್ಲಿ ಗೀಸರ್ ಉರಿದಂತೆಲ್ಲ ಒಳಗಿನ ಆಮ್ಲಜನಕ ಕಡಿಮೆಯಾಗಿ, ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಅವ್ವ ಮೊದಲ ವಾರವೇ ಹೇಳಿದ್ದಳು, "ಜಳಕ ಮಾಡಿ ಬಂದ್ರ ತಲಿ ಗಿರ್ ಅಂತದೋ" ಅಂತ. ಪಿತ್ತ ಅಂದೆ. ಹೆಂಡತಿಗೂ ತಲೆನೋವು. ಲಿಂಬೆಹಣ್ಣಿನ ಶರಬತ್ತು ಮಾಡಿಕೊಟ್ಟೆ.

ಎಳ್ಳಮಾವಾಸ್ಯೆ ಬೆಳಿಗ್ಗೆ ಹೊಲಕ್ಕೆ ಹೋಗುವ ಅವಸರ. ಒಬ್ಬರ ಹಿಂದೆ ಒಬ್ಬರು, ಮನೆಮಂದಿ ಐದೂ ಜನರ ಜಳಕ. ಅವಳು ನಾಲ್ಕಕ್ಕೆ ಎದ್ದು ಭಜ್ಜಿ, ಕಡುಬು ಮಾಡಿ ಕೊನೆಗೆ ಹೋದಳು, ತಲೆಗೆ ಎರೆದುಕೊಳ್ಳಲು. ನಾವೆಲ್ಲ ಬಿಟ್ಟು ಬಂದ ಗಾಳಿಯನ್ನೇ ಅವಳು ಕುಡಿದಳು. ನೀರು ಬೀಳುವ ಸಪ್ಪಳ ಬರುತ್ತಲೇ ಇತ್ತು, ತಂಬಿಗೆ ಸಪ್ಪಳ ನಿಂತಿತ್ತು. ಕರೆದರೆ ಓ ಅನ್ನಲಿಲ್ಲ. ಚಿಲಕ ಮುರಿದು ಒಳಗೆ ಹೋದರೆ ನಲ್ಲಿಗೆ ಹಣೆ ಬಡಿದು ಬಿದ್ದಿದ್ದಳು.

ಹತ್ತಿರದ ಕ್ಲಿನಿಕ್ಕಿನಲ್ಲಿ ಬೆರಳಿಗೆ ಮಷೀನ್ ಹಚ್ಚಿದರು. 98. "ಆಕ್ಸಿಜನ್ ಬರೋಬ್ಬರಿ ಅದ, ಉಪವಾಸಕ್ಕ ಚಕ್ಕರ್ ಬಂದದ" ಅಂತ ಹಣೆಗೆ ಹೊಲಿಗೆ ಹಾಕಿ, ಸಲೈನ್ ಏರಿಸಿ ಕಳಿಸಿದರು. ಆ ಬೆರಳಿನ ಮಷೀನಿಗೆ ಆಮ್ಲಜನಕಕ್ಕೂ ಈ ವಿಷಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒಂದೇ ಎಂದು ಓದುತ್ತದೆ! ಸಂಜೆ ವಾಂತಿ, ತೊದಲು ಮಾತು. ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ಹುಡುಗಿ ವಯಸ್ಸಿನ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಮನ್ಯಾಗ ಗ್ಯಾಸ್ ಗೀಸರ್ ಅದಾ?" ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದರೆ ಈ ವಿಷ ಅಂಟಿಕೊಂಡ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಿಸಿದರು. ಬಿದ್ದು ಹತ್ತು ತಾಸಾದ ಮೇಲೂ ನೂರಕ್ಕೆ 9. ಬೀಡಿ ಸಿಗರೇಟು ಸೇದದವರಿಗೆ 3ರ ಒಳಗಿರಬೇಕಂತೆ. ಸಾದಾ ಗಾಳಿಯಲ್ಲಿ ಅದು ಅರ್ಧ ಇಳಿಯಲು ನಾಲ್ಕೈದು ತಾಸು ಬೇಕು, ಮಾಸ್ಕ್ ಹಾಕಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದೂವರೆ ತಾಸಿನೊಳಗೇ ಅರ್ಧ ಇಳಿಯುತ್ತದೆ. ಅಂದರೆ ಬೆಳಿಗ್ಗೆ ಎಷ್ಟಿತ್ತು, ನೀವೇ ಲೆಕ್ಕ ಹಾಕಿ. ಮರುದಿನ ಹೋಗಿದ್ದರೆ ರಿಪೋರ್ಟಿನಲ್ಲಿ ಏನೂ ಕಾಣುತ್ತಿರಲಿಲ್ಲ.

ಈಗ ನಾನು ಮೋಸ ಹೋದ ಕಥೆ. ಅವಳು ಇನ್ನೂ ಆಸ್ಪತ್ರೆಯಲ್ಲಿ. ಅಂಗಡಿಯವನಿಗೆ ಫೋನ್ ಮಾಡಿ ಬೈದೆ. ಎಷ್ಟು ನಯವಾಗಿ ಮಾತಾಡಿದ ಅಂತೀರಿ! "ಅಯ್ಯೋ ಸರ್, ಅಕ್ಕಾರು ಹ್ಯಾಂಗಿದ್ದಾರ? ಮಷೀನ್‌ದಾಗೇ ಏನರೆ ದೋಷ ಇರಬೇಕು. ನಾ ಈಗೇ ಹುಡುಗನ್ನ ಕಳಸ್ತೀನಿ, ಕಂಪನಿಗೆ ಕಳಿಸಿ ಚೆಕ್ ಮಾಡಸ್ತೀನಿ." ಅವ್ವ ಬಾಗಿಲು ತೆರೆದಳು. ಹುಡುಗ ಬಂದು ಗೀಸರ್ ಬಿಚ್ಚಿಕೊಂಡು ಹೋದ, ಪೈಪು, ಕ್ಲಾಂಪು ಸಮೇತ. ಪಾಪ, ಒಳ್ಳೆಯವರಿದ್ದಾರೆ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಗೋಡೆಯಲ್ಲಿ ನಾಲ್ಕು ತೂತು ಉಳಿದವು.

ಒಂದು ವಾರ ಬಿಟ್ಟು ಕೇಳಿದರೆ, "ಯಾವ ಗೀಸರ್ ಸರ್? ಬಿಲ್ ಅದೇನು?" ಆಮೇಲೆ ಒಂದೊಂದೇ ಉತ್ತರ. "ಅಕ್ಕಾರಿಗಿ ಬಿಪಿ ಇರಬೇಕು." "ಊರ ತುಂಬ ಕೂಡಿಸೀವಿ, ಯಾರಿಗೂ ಏನೂ ಆಗಿಲ್ಲ, ನಿಮಗೊಬ್ಬರಿಗೇ ಯಾಕಾಯ್ತು?" "ಒಳಗ ಕೂಡ್ಸು ಅಂತ ನೀವೇ ಹೇಳೀರಿ." ಕೊನೆಗೆ, "ವೆಂಟಿಲೇಟರ್ ಮುಚ್ಚಿದವರು ಯಾರು ಸರ್?" ಆ ವಾಯ್ಸ್ ಮೆಸೇಜ್ ಕೇಳಿದಾಗ ಕೈ ನಡುಗಿತು. ಮುಚ್ಚಿದವನು ನಾನೇ. ಮುಚ್ಚು ಅಂದವನು ಅವನ ಹುಡುಗ.

ಅಟ್ಟದ ಮೇಲೆ ಖಾಲಿ ಡಬ್ಬಿ ಇತ್ತು, ಅದೊಂದೇ ಪುಣ್ಯ. ಅದರೊಳಗಿನ ಪುಸ್ತಕದಲ್ಲಿ ಬಚ್ಚಲಿನ ಚಿತ್ರ ಬರೆದು ಮೇಲೆ ಕಾಟು ಹೊಡೆದಿದೆ. ಒಳಗೆ ಕೂಡಿಸಬಾರದು ಅಂತ ಕಂಪನಿಯೇ ಹೇಳಿದೆ! ಅಂಗಡಿಯವನು ಒಂದು ಮಾತು ಹೇಳಲಿಲ್ಲ. ವಕೀಲರು ತೋರಿಸಿದರು: ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ 86ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಎಚ್ಚರಿಕೆಯನ್ನು ಗಿರಾಕಿಗೆ ಮುಟ್ಟಿಸದ ಮಾರಾಟಗಾರನೂ ಆದ ಹಾನಿಗೆ ಹೊಣೆ. ಕಚ್ಚಾ ಚೀಟಿ ಇದ್ದರೂ ಫೋನ್‌ಪೇ ಎಂಟ್ರಿ ಇದೆ, ಅವನ ವಾಯ್ಸ್ ಮೆಸೇಜುಗಳಿವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಫೀಸ್ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಕಂಪನಿ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಮೊದಲು ಫೋನಿನಲ್ಲಿ ಕೇಳುವುದಿದ್ದರೆ ಗ್ರಾಹಕರ ಸಹಾಯವಾಣಿ 1915. ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದಿದ್ದಕ್ಕೆ ಪೊಲೀಸ್ ದೂರು ಬೇರೆ, ಭಾರತೀಯ ನ್ಯಾಯ ಸಂಹಿತೆ 125. ಅದನ್ನೂ ಕೊಟ್ಟಿದ್ದೇನೆ.

ನಾನು ಮಾಡದೆ ಬಿಟ್ಟಿದ್ದನ್ನು ನೀವು ಮಾಡಿ. ಬಿದ್ದವರನ್ನು ಮೊದಲು ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ಡಾಕ್ಟರಿಗೆ ನೀವಾಗಿಯೇ "ಗ್ಯಾಸ್ ಗೀಸರ್" ಅನ್ನಿ, ಆ ರಕ್ತಪರೀಕ್ಷೆ ಕೂಡಲೇ ಮಾಡಿಸಿ. ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ ಮಾಡುವ ದಾಖಲೆ) ಮಾಡಿಸಿ, ಡಿಸ್ಚಾರ್ಜ್ ಕಾಗದದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂತ ಬರೆಸಿ. ಗೀಸರ್, ಗೋಡೆ, ವೆಂಟಿಲೇಟರ್ ಎಲ್ಲದರ ಫೋಟೊ, ವಿಡಿಯೊ ತೆಗೆಯಿರಿ. ಗೀಸರ್ ಯಾರಿಗೂ ಕೊಡಬೇಡಿ. ಎಷ್ಟೇ ಸಿಹಿಯಾಗಿ ಮಾತಾಡಿದರೂ ಕೊಡಬೇಡಿ.

ಮನೆಯವಳು ಹೊಲಿಗೆ ಕೆಲಸ ಮಾಡುತ್ತಾಳೆ. ಮೂರನೇ ವಾರದಿಂದ ಅಳತೆ ಬರೆದಿಟ್ಟು ಮರೆಯುತ್ತಿದ್ದಾಳೆ, ಒಂದೇ ಬ್ಲೌಸ್ ಎರಡು ಸಲ ಬಿಚ್ಚಿದಳು. ಈ ವಿಷ ಮೆದುಳಿಗೆ ಮಾಡಿದ ಪೆಟ್ಟು ಕೆಲವರಲ್ಲಿ ವಾರಗಳ ನಂತರ ಹೊರಬೀಳುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಇದಕ್ಕೆ ಬೆಲೆ ಎಷ್ಟು ಅಂತ ದೂರಿನಲ್ಲಿ ಬರೆಯಬೇಕಂತೆ.

ನಿನ್ನೆ ಅಂಗಡಿಯವನು ಮತ್ತೆ ಮೆಸೇಜ್ ಹಾಕಿದ್ದಾನೆ. "ಸರ್, ಕೇಸ್ ಗೀಸ್ ಬ್ಯಾಡ, ಹೊಸಾ ಎಲೆಕ್ಟ್ರಿಕ್ ಗೀಸರ್ ಫ್ರೀ ಕೊಡ್ತೀನಿ, ಫಿಟಿಂಗ್ ಸೇರಿ." ಆ ಮೆಸೇಜಿನ ಪ್ರಿಂಟ್ ಕೂಡ ದೂರಿನ ಜೊತೆ ಲಗತ್ತಿಸಿದ್ದೇನೆ.